ರಘೋತ್ತಮರಾಯರ ಎಂಟು ಗಂಟು

ಸಂಸಾರವನ್ನು ರಜೆಗೆ ಕರೆದುಕೊಂಡು ಹೋಗಿ, ಒಂದು ಚೂರೂ ಕಳೆಯದೆ ಮರಳಿ ಮನೆಗೆ ಮುಟ್ಟಿಸುವುದು ಒಂದು ವಿದ್ಯೆ. ಅದು ಎಲ್ಲರಿಗೂ ಒಲಿಯುವುದಿಲ್ಲ. ತಮ್ಮ ಮನೆತನದಲ್ಲಿ ಅದು ತಂದೆಯಿಂದ ಮಗನಿಗೆ ಇಳಿದು ಬಂದಿದೆ! ೧೯೩೭ರ ಏಪ್ರಿಲ್ ತಿಂಗಳ ಕೊನೆಯ ಶನಿವಾರ ಹಾವೇರಿಯ ಕಚೇರಿಯೊಂದರಲ್ಲಿ ಹೆಡ್ ಕಾರಕೂನ ರಘೋತ್ತಮರಾಯರು ಹೀಗೆಂದು ಸಾರಿದರು. ಕೇಳಿದವರು ಮೂವರು ಕಿರಿಯ ಕಾರಕೂನರು. ಮೂವರೂ ರಾಯರ ಕೈಕೆಳಗಿನವರು, ಆದ್ದರಿಂದ ಮೂವರೂ ಹೌದೆಂದರು. ರಾಯರಿಗೆ ಹತ್ತು ದಿನದ ರಜೆ ಮಂಜೂರಾಗಿತ್ತು. ತಾಯಿ, ಹೆಂಡತಿ, ಐದು ಮಕ್ಕಳೊಡನೆ ರಾಣೆಬೆನ್ನೂರಿನವರೆಗೆ ರೈಲು, ಅಲ್ಲಿಂದ ಚಕ್ಕಡಿ ಮಾಡಿಕೊಂಡು ಕುಮಾರಪಟ್ಟಣದ ಹೊಳೆದಂಡೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದೆಂದು ನಿಶ್ಚಯವಾಗಿತ್ತು.

ಈ ವಿದ್ಯೆಯ ಮೂಲಪುರುಷರು ರಾಯರ ತಂದೆ, ತೀರಿಕೊಂಡ ಕಾಂತೇಶರಾಯರು. ಅವರು ೧೯೦೯ರಲ್ಲಿ ಎರಡು ಚಕ್ಕಡಿ ಕಟ್ಟಿಸಿ, ಹದಿನಾಲ್ಕು ಜನರನ್ನು ಇದೇ ಹೊಳೆದಂಡೆಗೆ ಕರೆದೊಯ್ದು, ಒಂದು ಸೂಜಿಯನ್ನೂ ಕಳೆಯದೆ ಹಾವೇರಿಗೆ ಮರಳಿಸಿದ ಮಹಾನುಭಾವರು. ಆಗ ರಘೋತ್ತಮನಿಗೆ ಏಳು ವರ್ಷ. ಆ ಪ್ರವಾಸದ ಕಥೆಯನ್ನು ರಾಯರು ತಮ್ಮ ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೆಂದರೆ, ಅವರು ನಡುವೆ ಕೆಮ್ಮಲು ನಿಂತರೆ ಮುಂದಿನ ವಾಕ್ಯವನ್ನು ಮಕ್ಕಳೇ ಹೇಳುತ್ತಿದ್ದರು. ಅದರಲ್ಲಿಯೂ ದೇವರಗುಡ್ಡದ ಭಾಗ! ಅಲ್ಲಿ ಕಾಂತೇಶರಾಯರ ಪರಮಸ್ನೇಹಿತ ಮೈಲಾರಪ್ಪ ಎಂಬ ರೈತನಿದ್ದನಂತೆ. ಅಪ್ಪ ತನ್ನೊಬ್ಬನನ್ನೇ ಆರಿಸಿ ಅರ್ಧ ದಿನ ಆ ಸ್ನೇಹಿತನ ಮನೆಗೆ ಅತಿಥಿಯಾಗಿ ಬಿಟ್ಟಿದ್ದರಂತೆ. ಬಿಸಿ ರೊಟ್ಟಿ, ಅಂಗೈ ತುಂಬ ಬೆಣ್ಣೆ, ಎತ್ತಿನ ಮೇಲೆ ಸವಾರಿ, ಬಾವಿಯಲ್ಲಿ ಈಜು. ಹದಿನಾಲ್ಕು ಜನರಲ್ಲಿ ಈ ಮರ್ಯಾದೆ ದೊರೆತದ್ದು ತನಗೊಬ್ಬನಿಗೇ ಎಂದು ಹೇಳುವಾಗ ರಾಯರ ಎದೆ ಇಷ್ಟಗಲ ಆಗುತ್ತಿತ್ತು.

ಆದರೆ ರಾಯರ ಮನಸ್ಸಿನೊಳಗೆ ಒಂದು ಮುಳ್ಳಿತ್ತು. ತಾವು ಅಪ್ಪನ ಬಗ್ಗೆ ಹೇಳಲು ಇಷ್ಟಿದೆ. ನಾಳೆ ಮಕ್ಕಳು ತಮ್ಮ ಬಗ್ಗೆ ಹೇಳಲು ಏನಿದೆ? ಮದುವೆಯಾಗಿ ಹದಿನೈದು ವರ್ಷವಾಯಿತು, ಮುಂಜಿವೆ ಮದುವೆಗಳಿಗಲ್ಲದೆ ಮಕ್ಕಳನ್ನು ಎಲ್ಲಿಗೂ ಕರೆದೊಯ್ದಿರಲಿಲ್ಲ. ಇವರು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕೂಡಿಸಿಕೊಂಡು 'ನಮ್ಮಪ್ಪ ಒಮ್ಮೆ...' ಎಂದು ಶುರು ಮಾಡುವಂಥ ಒಂದು ರಜೆ ಬೇಕು. ರಾಯರಿಗೆ ಬೇಕಾದದ್ದು ಇಷ್ಟೇ. ಇದಕ್ಕಾಗಿ ಅವರು ಪಗಾರವನ್ನಲ್ಲ, ಬೇಕಾದರೆ ಹೆಡ್ ಕಾರಕೂನಿಕೆಯನ್ನೇ ಒತ್ತೆ ಇಡಲು ಸಿದ್ಧರಿದ್ದರು.

ತಯಾರಿಯ ಮೊದಲ ದಿನವೇ ಒಂದು ತೊಡಕು ಬಂತು. ಪ್ರತಿ ಸ್ಟೇಶನ್ನಿನಲ್ಲೂ ಮಕ್ಕಳನ್ನು ನಿಲ್ಲಿಸಿ ಎಣಿಸುತ್ತೇನೆ ಎಂದು ರಾಯರು ಅಂದದ್ದೇ ತಡ, ತಾಯಿ ಭಾಗೀರಥೀಬಾಯಿ ಜಪದ ಮಾಲೆ ಕೆಳಗಿಟ್ಟರು.

"ಮನಷ್ಯಾರನ್ನ ಬೆರಳು ಮಾಡಿ ಎಣಿಸಬಾರದಪಾ, ರಘೂ. ದೃಷ್ಟಿ ತಾಕ್ತದ. ನಮ್ಮ ಮನ್ಯಾಗ ಯಾರೂ ಎಣಿಸಿಲ್ಲ."

ತಾಯಿಯ ಮಾತು ಮೀರುವ ಮಗನಲ್ಲ ರಾಯರು. ಒಂದು ರಾತ್ರಿ ಯೋಚನೆ ಮಾಡಿ ಬೆಳಗ್ಗೆ ಎದ್ದು, ಆ ತೊಡಕನ್ನು ಕಚೇರಿಯ ಪದ್ಧತಿಯಿಂದ ಬಿಡಿಸಿಬಿಟ್ಟರು. ಮನೆಯ ಜನ ಎಂಟು. ಸಾಮಾನನ್ನೂ ಸರಿಯಾಗಿ ಎಂಟು ಗಂಟು ಮಾಡುವುದು. ಒಬ್ಬರಿಗೆ ಒಂದು ಗಂಟು. ಗಂಟು ಇದ್ದಲ್ಲಿ ಮನುಷ್ಯ, ಮನುಷ್ಯ ಇದ್ದಲ್ಲಿ ಗಂಟು. ಯಜಮಾನ ಎಣಿಸತಕ್ಕದ್ದು ಗಂಟುಗಳನ್ನು ಮಾತ್ರ. ಗಂಟು ಎಂಟಾದರೆ ಜನವೂ ಎಂಟೇ. ದೃಷ್ಟಿಯ ಮಾತೇ ಇಲ್ಲ. ಹಾಸಿಗೆ ಸುರುಳಿ ರಾಯರಿಗೆ, ಬುತ್ತಿಯ ಬುಟ್ಟಿ ಹೆಂಡತಿ ವೆಂಕೂಬಾಯಿಗೆ, ಮಡಿಬಟ್ಟೆ ತಾಯಿಗೆ, ಟ್ರಂಕು ಹದಿಮೂರು ವರ್ಷದ ಹಿರಿಯ ಮಗ ವಾದಿರಾಜನಿಗೆ. ಹೀಗೆ ಹಂಚುತ್ತ ಬಂದು ಕೊನೆಗೆ ಆರು ವರ್ಷದ ಇಂದೂನ ಪಾಲಿಗೆ ಒಂದು ಸಣ್ಣ ಅವಲಕ್ಕಿ ಗಂಟು ಬಂತು. ರಾಯರು ಇದನ್ನೆಲ್ಲ ಯಾದಿ ಬರೆದು ಸಹಿ ಮಾಡಿ ಪಡಸಾಲೆಯ ಗೋಡೆಗೆ ಅಂಟಿಸಿದರು. ಮೂರು ದಿನ ಅಂಗಳದಲ್ಲಿ ಮಕ್ಕಳಿಂದ ಕವಾಯತು ಮಾಡಿಸಿದರು.

ಮೂರು ದಿನದಿಂದ ಒಲೆ ಮುಂದೆ ಕುಳಿತು ಉಂಡಿ ಚಕ್ಕಲಿ ಮಾಡುತ್ತಿದ್ದ ವೆಂಕೂಬಾಯಿ ಹೊರಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಆ ಯಾದಿಯನ್ನು ನಿಧಾನವಾಗಿ ಓದಿದಳು.

"ಅಲ್ಲಾ, ಗಂಟು ತಾವಾಗಿ ಎದ್ದು ಎಲ್ಲೂ ಹೋಗಂಗಿಲ್ಲ. ಹುಡುಗೂರು ಹೋಗ್ತಾವ. ಅದಕ್ಕೇನು ಮಾಡೀರಿ?"

ಹೆಂಗಸರಿಗೆ ಪದ್ಧತಿ ತಿಳಿಯುವುದಿಲ್ಲ ಎಂದು ರಾಯರು ದೊಡ್ಡ ಮನಸ್ಸಿನಿಂದ ನಕ್ಕುಬಿಟ್ಟರು.

ಮೇ ತಿಂಗಳ ಮೊದಲ ಸೋಮವಾರ ಬೆಳಗಿನ ಗಾಡಿ. ಹೆಂಗಸರ ಡಬ್ಬಿಗೆ ತಾಯಿ, ಹೆಂಡತಿ, ಹೆಣ್ಣುಮಕ್ಕಳಿಬ್ಬರು. ಅಲ್ಲಿಗೆ ನಾಲ್ಕು ಗಂಟು. ಅದರ ಮುಂದಿನ ಡಬ್ಬಿಗೆ ರಾಯರು, ಮೂರು ಗಂಡುಮಕ್ಕಳು, ಇಲ್ಲಿ ನಾಲ್ಕು. ನಾಲ್ಕೂ ನಾಲ್ಕೂ ಎಂಟು. ಎದುರಿಗೆ ಕುಳಿತ ಅಬ್ದುಲಗನಿ ಎಂಬ ಬಟ್ಟೆ ವ್ಯಾಪಾರಿಗೆ ರಾಯರು ತಮ್ಮ ಪದ್ಧತಿಯನ್ನು ಮೊದಲಿನಿಂದ ಕಡೆಯವರೆಗೆ ವಿವರಿಸಿದರು. ಆತ ಒಳ್ಳೆಯ ಮನುಷ್ಯ, ಬೇಸರವಿಲ್ಲದೆ ಕೇಳಿದ. ಡಬ್ಬಿಯಲ್ಲಿ ಜನವೋ ಜನ. ವಾದಿರಾಜನೂ ಅವನ ತಮ್ಮಂದಿರೂ ಆಚೆಯ ಕಿಟಕಿಗೆ ಅಂಟಿಕೊಂಡಿದ್ದರು. ನಡುವೆ ಹತ್ತು ಜನರ ಕಾಲು, ತಲೆ, ಪೇಟಾ.

ಬ್ಯಾಡಗಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಎದುರಿನಿಂದ ಇನ್ನೊಂದು ಗಾಡಿ ದಾಟಬೇಕಿತ್ತು. ಹಂಗಾಮು ಮುಗಿಯುತ್ತ ಬಂದಿದ್ದರೂ ಪ್ಲಾಟಫಾರ್ಮಿನ ತುಂಬ ಮೆಣಸಿನಕಾಯಿ ಚೀಲ. ಒಂದು ಚೀಲ ಒಡೆದು ಕೆಂಪಗೆ ರಾಶಿ ಬಿದ್ದಿತ್ತು. ಗಾಳಿ ಬೀಸಿತು ನೋಡಿ, ಇಡೀ ಗಾಡಿಯೇ ಸೀನಲಾರಂಭಿಸಿತು. ರಾಯರದು ಮೊದಲೇ ಸೂಕ್ಷ್ಮ ಮೂಗು. ಒಂದರ ಮೇಲೊಂದು ಹನ್ನೊಂದು ಸೀನು ಬಂದವು. ಕಣ್ಣಿಗೆ ರುಮಾಲು ಒತ್ತಿಕೊಂಡು ಹನ್ನೆರಡನೆಯದಕ್ಕೆ ಸಿದ್ಧರಾಗುತ್ತಿದ್ದಾಗ ಕಿಟಕಿಯ ಹೊರಗಿಂದ ಇಂದೂನ ದನಿ ಕೇಳಿತು. ಅವಳಿಗೆ ಅಪ್ಪನ ಹತ್ತಿರ ಕೂಡಬೇಕಂತೆ. ಅವ್ವನೇ ಇಳಿಸಿ ಕಳಿಸಿದ್ದಾಳಂತೆ. "ಅಪ್ಪಾ, ಇದನ್ನ ಹಿಡಿ, ನಾ ಬಾಗಲಾಗಿಂದ ಬರ್ತೀನಿ" ಎಂದು ಅವಳು ಅವಲಕ್ಕಿ ಗಂಟನ್ನು ಮೇಲೆತ್ತಿದಳು. ರಾಯರು ಸೀನುತ್ತಲೇ ಗಂಟನ್ನು ಒಳಗೆಳೆದುಕೊಂಡರು. ಒಳಗೆ ಐದು! ಹಾಗಾದರೆ ಹೆಂಗಸರ ಕಡೆ ಮೂರು. ಒಂದು ಗಂಟು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ವರ್ಗವಾಯಿತು ಎಂದು ಮನಸ್ಸಿನಲ್ಲೇ ದಾಖಲು ಮಾಡಿಕೊಂಡು ಹನ್ನೆರಡನೆಯ ಸೀನು ಮುಗಿಸಿದರು. ಗಂಟು ತಂದವಳು ಬಾಗಿಲ ಕಡೆ ಹೋಗುವಾಗ ಆ ಕೆಂಪು ರಾಶಿಯ ಮುಂದೆ ನಿಂತುಬಿಟ್ಟದ್ದನ್ನು ಯಾರೂ ನೋಡಲಿಲ್ಲ. ಗಾಡಿ ಹೊರಟಿತು.

ದೇವರಗುಡ್ಡದಲ್ಲಿ ರಾಯರು ಇಳಿದು ಹೆಂಗಸರ ಡಬ್ಬಿಯ ಕಿಟಕಿಗೆ ಹೋಗಿ, ನಿಮ್ಮ ಕಡೆ ಎಷ್ಟು ಎಂದು ಕೇಳಿದರು. ವೆಂಕೂಬಾಯಿ ಕಾಲಬುಡಕ್ಕೆ ನೋಡಿ ಮೂರು ಎಂದಳು. ನಮ್ಮ ಕಡೆ ಐದು, ಎಲ್ಲ ಬರೋಬ್ಬರಿ ಎಂದು ರಾಯರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮರಳಿದರು. ಮೈಲಾರಪ್ಪನ ಊರು ಇದೇ ಎಂದು ಅಬ್ದುಲಗನಿಗೆ ತೋರಿಸಿ ಆ ಕಥೆಯನ್ನೂ ಹೇಳಿದರು. ಅವರ ಜನ್ಮದಲ್ಲಿ ಅಷ್ಟು ಹೆಮ್ಮೆಯ ಅರ್ಧ ತಾಸು ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ರಾಣೆಬೆನ್ನೂರು ಬಂತು. ಎಲ್ಲ ಗಂಟುಗಳನ್ನು ಪ್ಲಾಟಫಾರ್ಮಿನ ಮೇಲೆ ಸಾಲಾಗಿ ಇಳಿಸಲಾಯಿತು. ಒಂದು, ಎರಡು, ಮೂರು... ಎಂಟು. ಗಾಡಿ ಹೋಯಿತು. ರಾಯರು ಎದೆ ಮುಂದೆ ಮಾಡಿ ನಿಂತು, ಕವಾಯತಿನ ಪ್ರಕಾರ ಎಲ್ಲರೂ ತಂತಮ್ಮ ಗಂಟು ಎತ್ತಿಕೊಳ್ಳಿರಿ ಎಂದು ಹುಕುಮು ಕೊಟ್ಟರು. ಏಳು ಗಂಟು ಮೇಲೆದ್ದವು. ಅವಲಕ್ಕಿ ಗಂಟು ನೆಲದ ಮೇಲೇ ಉಳಿಯಿತು.

"ಇದು ಯಾರದು? ಮೂರು ದಿನ ಹೇಳಿಕೊಟ್ಟೀನಿ, ಇನ್ನೂ ಯಾರು ತಮ್ಮ ಗಂಟು ಎತ್ತಿಲ್ಲ?" ರಾಯರು ಗದರಿದರು.

ವೆಂಕೂಬಾಯಿ ಗಂಟು ನೋಡಿದಳು, ಗಂಡನ ಮುಖ ನೋಡಿದಳು. ಬುಟ್ಟಿ ಅವಳ ಕೈಯಿಂದ ಜಾರಿತು.

"ಇಂದೂ ಎಲ್ಲೆ?"

ಹುಡುಗರ ಕಡೆ ಕಿಟಕಿಯ ಹತ್ತಿರ ಇದ್ದಳಲ್ಲ ಎಂದು ರಾಯರು. ನಿಮ್ಮ ಕಡೆ ಕಳಿಸಿದ್ದೆನಲ್ಲ ಎಂದು ಅವಳು. ರಾಯರ ಬಾಯಿಂದ ಗಂಟು ಬಂದಿತ್ತಲ್ಲ ಎಂಬ ಒಂದೇ ಮಾತು ಮೂರು ಸಲ ಬಂತು. ಆಮೇಲೆ ಹಾಸಿಗೆ ಸುರುಳಿಯ ಮೇಲೆ ಕುಸಿದರು. ಸ್ಟೇಶನ್ ಮಾಸ್ತರರು ಬ್ಯಾಡಗಿಗೆ ತಂತಿ ಕಳಿಸಿದರು. ಹತ್ತು ನಿಮಿಷಕ್ಕೆ ಉತ್ತರ ಬಂತು: ಪ್ಲಾಟಫಾರ್ಮಿನ ಮೇಲೆ ಯಾವ ಹುಡುಗಿಯೂ ಇಲ್ಲ. ಆ ಮಾತು ಕೇಳಿ ಹೆಡ್ ಕಾರಕೂನ ರಘೋತ್ತಮರಾಯರು ನಾಲ್ಕು ಜನ ನೋಡುತ್ತಾರೆಂಬ ಅಂಜಿಕೆಯಿಲ್ಲದೆ ಅತ್ತುಬಿಟ್ಟರು. ವೆಂಕೂಬಾಯಿ ಮಾತ್ರ ಅಳಲಿಲ್ಲ. ಅವಳ ತುಟಿ ಬಿಳಿಚಿತ್ತು. "ಅಳೋದು ಆಮ್ಯಾಲೆ. ಮದಲ ಹೋಗಿ ಕರಕೊಂಡು ಬರ್ರಿ" ಎಂದಳು.

ಹಾವೇರಿ ಕಡೆಗೆ ಒಂದು ಮಾಲಗಾಡಿ ಹೊರಡುವುದರಲ್ಲಿತ್ತು. ಗಾರ್ಡ್ ತಾನೂ ಮಕ್ಕಳುಳ್ಳವನು, ಮಾತು ಕೇಳಿದ ಕೂಡಲೇ ತನ್ನ ಡಬ್ಬಿಯಲ್ಲಿ ಜಾಗ ಕೊಟ್ಟ. ರಾಯರು ಹತ್ತುವಷ್ಟರಲ್ಲಿ ಭಾಗೀರಥೀಬಾಯಿ ಮಡಿ ಮೈಲಿಗೆ ನೋಡದೆ ಅವರಿಗಿಂತ ಮೊದಲೇ ಹತ್ತಿ ಕುಳಿತಿದ್ದರು.

ಮಾಲಗಾಡಿ ಹೊರಟಿತು. ಅದು ನಡೆದಂತೆ ರಾಯರಿಗೆ ಅನ್ನಿಸಲಿಲ್ಲ, ಇಳಿದು ನೂಕಬೇಕೆನ್ನಿಸಿತು. ತಾವೆಂಥ ಅಪ್ಪ? ಹದಿನಾಲ್ಕು ಜನರನ್ನು ಕಾಪಾಡಿದ ತಂದೆಯ ಹೊಟ್ಟೆಯಲ್ಲಿ ಹುಟ್ಟಿ, ಒಂದು ಕೂಸನ್ನು ಕಾಯಲಾಗಲಿಲ್ಲ. ಅಪ್ಪನ ಹೆಸರು ಮಣ್ಣುಪಾಲು ಮಾಡಿದೆ ಎಂದು ಅವರು ಜೋರಾಗಿಯೇ ಹಲುಬಿದರು. ಗಾಡಿ ದೇವರಗುಡ್ಡ ದಾಟುವಾಗ ಭಾಗೀರಥೀಬಾಯಿ ಬಾಯಿ ಬಿಟ್ಟರು.

"ನಿಮ್ಮಪ್ಪನೂ ಬಿಟ್ಟು ಬಂದಿದ್ರು."

"ಏನನ್ನ?"

"ನಿನ್ನನ್ನ. ಇಲ್ಲೇ."

ರಾಯರಿಗೆ ಮೊದಲು ಅರ್ಥವೇ ಆಗಲಿಲ್ಲ. ಮೈಲಾರಪ್ಪನ ಮನೆಗೆ ಅತಿಥಿಯಾಗಿ ಬಿಟ್ಟದ್ದು, ಸ್ನೇಹಿತನಲ್ಲವೇ ಎಂದು ತೊದಲಿದರು. ಎಲ್ಲಿಯ ಸ್ನೇಹಿತ ಎಂದರು ತಾಯಿ. ಆ ಮನುಷ್ಯನನ್ನು ಅವತ್ತಿಗಿಂತ ಮೊದಲು ಯಾರೂ ಕಂಡಿರಲಿಲ್ಲ. ಬುತ್ತಿ ಉಂಡು ಹೊರಡುವಾಗ ಮುಂದಿನ ಚಕ್ಕಡಿಯವರು ರಘು ಹಿಂದಿದ್ದಾನೆಂದು ತಿಳಿದರು, ಹಿಂದಿನವರು ಮುಂದಿದ್ದಾನೆಂದು ತಿಳಿದರು. ಮನುಷ್ಯರನ್ನು ಎಣಿಸುವ ಪದ್ಧತಿ ಮನೆಯಲ್ಲಿ ಇರಲಿಲ್ಲ. ಆರು ಮೈಲಿ ಹೋದ ಮೇಲೆ ಗೊತ್ತಾಯಿತು. ಬಾವಿಕಟ್ಟೆಯಲ್ಲಿ ಒಬ್ಬನೇ ನಿಂತಿದ್ದ ಹುಡುಗನನ್ನು ಮೈಲಾರಪ್ಪ ಮನೆಗೆ ಕರೆದೊಯ್ದು ರೊಟ್ಟಿ ಬೆಣ್ಣೆ ತಿನ್ನಿಸಿದ್ದ. "ಹುಡುಗ ಖುಷಿಲಿಂದ ಇದ್ದಾನ, ಬಿಟ್ಟು ಹೋಗಿದ್ರು ಅಂತ ಅವಗ ಗೊತ್ತಾಗೂದು ಬ್ಯಾಡ, ಅಂತ ನಿಮ್ಮಪ್ಪ ನನ್ನ ಕಡೆ ಆಣಿ ಮಾಡಿಸಿಕೊಂಡಿದ್ರು. ಇಪ್ಪತ್ತೆಂಟು ವರ್ಷ ಬಾಯಿ ಕಟ್ಟಿಕೊಂಡು ಕೂತೆ" ಎಂದರು ಭಾಗೀರಥೀಬಾಯಿ.

ಆಮೇಲೆ ಒಂದು ಮಾತು ಸೇರಿಸಿದರು. "ಆರು ಮೈಲಿ ಓಡಿ ಹೋದ್ರಪಾ. ಕಾಲಾಗ ಚಪ್ಪಲಿ ಇರಲಿಲ್ಲ."

ರಾಯರು ತಂದೆ ಓಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಅವಸರವಾಗಿ ನಡೆದದ್ದನ್ನೂ ನೋಡಿರಲಿಲ್ಲ. ಧೋತರದ ಚುಂಗು ಕೈಯಲ್ಲಿ ಹಿಡಿದು ಮೇ ತಿಂಗಳ ಬಿಸಿಲಲ್ಲಿ ಬರಿಗಾಲಲ್ಲಿ ಓಡುವ ಕಾಂತೇಶರಾಯರು ಅವರ ಕಣ್ಣ ಮುಂದೆ ಬಂದರು. ಇಷ್ಟು ದಿನ ಅಪ್ಪನ ಮೇಲಿದ್ದದ್ದು ಹೆಮ್ಮೆ. ಈಗ ಅದರ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ರಾಯರು ಇನ್ನೊಮ್ಮೆ ಅತ್ತರು.

ಬ್ಯಾಡಗಿಯಲ್ಲಿ ಗಾಡಿ ನಿಲ್ಲುವುದಕ್ಕೂ ಮೊದಲೇ ಅವರು ಜಿಗಿದರು. ಸ್ಟೇಶನ್ನಿನ ಹೊರಗೆ ಬಾಗಿಲಲ್ಲಿ ಹಮಾಲ ಶಮಶೇರಸಾಬ ಕಾದು ನಿಂತಿದ್ದ. "ಹಾವೇರಿ ಕಾರಕೂನ್ರು ನೀವ ಏನ್ರಿ? ಹುಡುಗಿ ಆರಾಮ ಅದಾಳ್ರಿ, ಬರ್ರಿ" ಎಂದ. ಬಿಸಿಲು ಚುರುಗುಟ್ಟುತ್ತಿತ್ತೆಂದು ಅವನು ಇಂದೂನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹತ್ತಿರದ ಮೆಣಸಿನಕಾಯಿ ಅಂಗಡಿಯ ನೆರಳಿಗೆ ಒಯ್ದಿದ್ದ. ಬಂದವರಿಗೆ ದಾರಿ ತೋರಿಸಲೆಂದು ತಾನು ಇಲ್ಲಿ ಬಂದು ನಿಂತಿದ್ದ. ರಾಯರು ಅವನ ಎರಡೂ ಕೈ ಹಿಡಿದುಕೊಂಡರು.

ಅಂಗಡಿಯ ತಗಡಿನ ಚಾವಣಿಯ ಕೆಳಗೆ ಹತ್ತು ಹನ್ನೆರಡು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದರು. ಅವರ ನಡುವೆ, ತಲೆಗೆ ಹಸಿ ಬಟ್ಟೆ ಹೊದ್ದು, ಒಂದು ಕೈಯಲ್ಲಿ ರೊಟ್ಟಿ ಬೆಲ್ಲ ಹಿಡಿದು, ಇನ್ನೊಂದು ಕೈಯಿಂದ ತನ್ನದೇ ಒಂದು ಸಣ್ಣ ರಾಶಿಯನ್ನು ವಿಂಗಡಿಸುತ್ತ ಇಂದೂ ಮಹಾರಾಣಿಯಂತೆ ಕುಳಿತಿದ್ದಳು. ಆ ಗುಂಪಿನ ಹಿರಿಯಳು ಉಚ್ಚಂಗೆವ್ವ ರಾಯರನ್ನು ಮೇಲಿನಿಂದ ಕೆಳಗೆ ನೋಡಿದಳು.

"ಒಂದ ಹನಿ ಕಣ್ಣೀರು ಹಾಕಿಲ್ರಿ ಎಪ್ಪಾ. ನಮ್ಮಪ್ಪ ಬಾಳ ಶಾಣ್ಯಾ ಅದಾನ, ಎಲ್ಲಾ ಎಣಿಸತಾನ, ಒಂದು ಕಡಿಮಿ ಬಂತಂದ್ರ ಹೊಳ್ಳಿ ಬಂದ ಬರತಾನ, ಅಂತ ನಮಗ ಧೈರ್ಯಾ ಹೇಳಾಕತ್ತಿದ್ಲು."

ರಾಯರ ಎದೆಗೆ ಆ ಮಾತು ನೇರವಾಗಿ ಹೋಗಿ ನಾಟಿತು. ಒಂದು ಕಡಿಮೆ ಎಲ್ಲಿ ಬಂದಿತ್ತು? ಅವರ ಎಣಿಕೆ ದೇವರಗುಡ್ಡದಲ್ಲೂ ಎಂಟೇ, ರಾಣೆಬೆನ್ನೂರಿನಲ್ಲೂ ಎಂಟೇ. ಮಗಳಿಲ್ಲದೆಯೇ ಎಲ್ಲ ಬರೋಬ್ಬರಿ ಎಂದು ಕೋಟಿನ ಗುಂಡಿ ಹಾಕಿಕೊಂಡವರು ಅವರು! ರಾಯರು ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಮೊಣಕಾಲೂರಿ ಮಗಳನ್ನು ಬಾಚಿ ತಬ್ಬಿಕೊಂಡು ಮೂರನೆಯ ಸಲ ಅತ್ತರು. ಅಪ್ಪ ಅಳುವುದನ್ನು ನೋಡಿ ಇಂದೂಗೆ ಕನಿಕರ ಬಂತು. ಅಳಬ್ಯಾಡಪಾ ಎಂದು, ಎರಡೂ ಕೈಯಿಂದ, ಬಹಳ ಪ್ರೀತಿಯಿಂದ, ಅವರ ಎರಡೂ ಕಣ್ಣು ಒರೆಸಿದಳು. ಎರಡು ತಾಸು ಬ್ಯಾಡಗಿ ಮೆಣಸಿನಕಾಯಿ ಬಿಡಿಸಿದ ಕೈ!

ರಾಯರು ಹಾಕಿದ ಕೂಗಿಗೆ ಪೇಟೆಯ ಆ ಕೊನೆಯ ಅಂಗಡಿಯವರೂ ತಕ್ಕಡಿ ಬಿಟ್ಟು ಓಡಿ ಬಂದರು. ಉಚ್ಚಂಗೆವ್ವ ಮಜ್ಜಿಗೆ ತಂದಳು. ಶಮಶೇರಸಾಬ ಮೇಲಿಂದ ಮೇಲೆ ನೀರು ಸುರಿದ. ಅಷ್ಟೂ ಹೆಂಗಸರು ಒಂದೊಂದು ಔಷಧಿ ಹೇಳಿದರು. ಮೊಮ್ಮಗಳು ಯಾರ ಕೈ ರೊಟ್ಟಿ ತಿಂದಳೋ ಎಂದು ತಾಯಿ ಏನನ್ನುತ್ತಾರೆ ಎಂಬ ಅಂಜಿಕೆ ರಾಯರಿಗೆ ಆ ಉರಿಯಲ್ಲೂ ಇತ್ತು. ಆದರೆ ಭಾಗೀರಥೀಬಾಯಿ ಉಚ್ಚಂಗೆವ್ವನ ಪಕ್ಕದಲ್ಲೇ ಕುಳಿತು, ಹಸಿದ ಕೂಸಿಗೆ ಉಣ್ಣಿಸಿದ ಕೈ ದೇವರ ಕೈ ಎಂದು, ಅವಳ ಮಕ್ಕಳು ಮೊಮ್ಮಕ್ಕಳ ಹೆಸರನ್ನೆಲ್ಲ ಕೇಳುತ್ತಿದ್ದರು. ಅವರಿಬ್ಬರ ಮಾತು ಮಧ್ಯಾಹ್ನದ ಗಾಡಿ ಬರುವವರೆಗೂ ನಿಲ್ಲಲಿಲ್ಲ.

ಆ ಗಾಡಿಯಿಂದ ರಾಣೆಬೆನ್ನೂರಿನಲ್ಲಿ ಇಳಿದ ಮೆರವಣಿಗೆ ಹೀಗಿತ್ತು. ಮುಂದೆ ಇಂದೂ. ಅವಳ ಕೈ ಹಿಡಿದು, ಕಣ್ಣಿಗೆ ಮಜ್ಜಿಗೆಯಲ್ಲಿ ಅದ್ದಿದ ರುಮಾಲು ಕಟ್ಟಿಕೊಂಡು, ತಡವರಿಸುತ್ತ ಹೆಡ್ ಕಾರಕೂನರು. ಹಿಂದೆ ಜಪ ಮಾಡುತ್ತ ಭಾಗೀರಥೀಬಾಯಿ. ವೆಂಕೂಬಾಯಿ ಓಡಿಬಂದು ಮಗಳನ್ನು ಎದೆಗೊತ್ತಿಕೊಂಡಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಅತ್ತು ಮುಗಿದ ಮೇಲೆ ಗಂಡನ ರುಮಾಲು ಸರಿಸಿ ನೋಡಿದಳು.

"ನೀವು ಕೂಸಿನ್ನ ಕರಕೊಂಡು ಬಂದ್ರೋ, ಕೂಸು ನಿಮ್ಮನ್ನ ಕರಕೊಂಡು ಬಂತೋ?"

ಹೊಳೆದಂಡೆಯ ನಾಲ್ಕು ದಿನ ಚೆನ್ನಾಗಿಯೇ ಕಳೆದವು. ಮಕ್ಕಳು ನೀರಿನಲ್ಲಿ ಬಿದ್ದುಕೊಂಡಿದ್ದರು. ವೆಂಕೂಬಾಯಿ ಮೂರು ಕಲ್ಲು ಹೂಡಿ ಎಂಟು ಜನಕ್ಕೆ ಮೂರು ಹೊತ್ತು ಬೇಯಿಸಿದಳು. ರಾಯರು ಮೊದಲ ಎರಡು ದಿನ ತುಂಗಭದ್ರೆಯನ್ನು ಕೇಳಿದರು, ಮೂರನೆಯ ದಿನ ನೋಡಿದರು.

ಹಾವೇರಿಗೆ ಮರಳಿದ ಮೇಲೆ ಓಣಿಯಲ್ಲಿ ಇಂದೂನ ದರ್ಬಾರು ಶುರುವಾಯಿತು. ಹೊಳೆಯ ಮಾತು ಯಾರಿಗೂ ಬೇಡ. ನಮ್ಮಪ್ಪ ಒಮ್ಮೆ ನನ್ನೊಬ್ಬಳನ್ನೇ ಬ್ಯಾಡಗಿಗೆ ಕಳಿಸಿದ್ದ ಎಂದು ಅವಳು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದಳು. ಓಣಿಯ ಮಕ್ಕಳೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ಹೆಗಲ ಸವಾರಿ, ಕೆಂಪು ಗುಡ್ಡ, ರೊಟ್ಟಿ ಬೆಲ್ಲ. ದಿನಕ್ಕೊಂದು ಹೊಸ ಸಂಗತಿ ಸೇರುತ್ತಿತ್ತು. ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ ರಾಯರು, ಬಿಟ್ಟು ಬಂದದ್ದು ಎಂದು ತಿದ್ದಲು ಬಾಯಿ ತೆರೆದರು. ತಂದೆಯ ನೆನಪಾಗಿ ಮುಚ್ಚಿಕೊಂಡರು. ಬೇಕಾದ ರಜೆ ಮಕ್ಕಳಿಗೆ ಸಿಕ್ಕಿತು ಎಂದು ಅವರ ಎದೆ ಮತ್ತೆ ಇಷ್ಟಗಲ ಆಯಿತು.

ಆದರೆ ಆ ಸಂಜೆ ಊಟದ ಹೊತ್ತಿಗೆ ವಾದಿರಾಜ ಎಲೆಯ ಮುಂದೆ ಮೋರೆ ಊದಿಸಿಕೊಂಡು ಕುಳಿತಿದ್ದ. ಅನ್ನ ಮುಟ್ಟಲಿಲ್ಲ. ರಾಯರು ಮೂರು ಸಲ ಕೇಳಿದ ಮೇಲೆ ಬಿಕ್ಕುತ್ತ ಬಾಯಿ ಬಿಟ್ಟ.

"ನಾ ಹಿರೇಮಗ ಅಲ್ಲೇನು? ಬಿಡೋದಿದ್ರ ಮದಲ ನನ್ನನ್ನ ಬಿಡಬೇಕಾಗಿತ್ತಲ್ಲ?"

ಉಳಿದ ಮೂವರೂ ತುತ್ತು ಬಿಟ್ಟು ತಂದೆಯ ಮುಖ ನೋಡಿದರು. ಹದಿನಾಲ್ಕು ವರ್ಷ ಕಚೇರಿಯಲ್ಲಿ ಹಿರಿತನದ ಯಾದಿ ನೋಡಿ ನೋಡಿ ಬಡ್ತಿ ಬರೆದ ರಾಯರಿಗೆ ಈ ಅರ್ಜಿಯಲ್ಲಿ ತಪ್ಪೇ ಕಾಣಲಿಲ್ಲ. ಆಯಿತಪ್ಪಾ, ಮುಂದಿನ ಮೇ ತಿಂಗಳು ನಿನ್ನ ಸರತಿ, ಆಮೇಲೆ ವಯಸ್ಸಿನ ಪ್ರಕಾರ ಒಬ್ಬೊಬ್ಬರದು ಎಂದು ಒಪ್ಪಿಕೊಂಡರು. ಮಕ್ಕಳು ಸಮಾಧಾನವಾಗಿ ಉಣ್ಣತೊಡಗಿದರು.

ವೆಂಕೂಬಾಯಿ ಎರಡನೆಯ ಸಲ ಅನ್ನ ಬಡಿಸಲು ಬಂದಳು. ಸೌಟು ಕೈಯಲ್ಲಿ ಹಿಡಿದು ಗಂಡನ ಎಲೆಯ ಮುಂದೆ ನಿಂತಳು.

"ಮಕ್ಕಳ ಸರತಿ ಮುಗದ ಮ್ಯಾಲೆ ನನ್ನನ್ನೂ ಒಂದ ದಿನ ಎಲ್ಲೆರೆ ಬಿಟ್ಟು ಬರ್ರಿ. ಕರಿಲಿಕ್ಕೆ ಲಗೂ ಬರಬ್ಯಾಡ್ರಿ."